ನಿಫಾ ಹೆದರಿಕೆ: ನರ್ಸ್‌ಗಳನ್ನ ಮನೆ ಖಾಲಿ ಮಾಡಿಸಿದ್ರೆ ರೋಗ ಹೋಗ್ತದಾ?

ಪ್ರಶ್ನೆ: ಮಲಪ್ಪುರದಲ್ಲಿ ನಿಫಾ ಕೇಸ್ ಅಂತ ಟಿವಿಯಲ್ಲಿ ಬಂದದ್ದೇ ಬಂದದ್ದು, ಮಂಗಳೂರು ಕೊಟ್ಟಾರದ ಹತ್ರ ಇರೋ ನಮ್ಮ ಅಪಾರ್ಟ್‌ಮೆಂಟಲ್ಲಿ ಎಲ್ರಿಗೂ ಮಂಡೆಬಿಸಿ. ಎರಡನೇ ಮಾಳಿಗೆಯಲ್ಲಿ ಬಾಡಿಗೆಗಿರೋ ಮೂವರು ನರ್ಸ್ ಹುಡುಗಿಯರು ಕಣ್ಣೂರಿನವರು, ಒಬ್ಬಳು ಹೋದ ವಾರ ಊರಿಗೆ ಹೋಗಿ ಬಂದಿದ್ದಾಳೆ, ಅವರನ್ನ ಖಾಲಿ ಮಾಡಿಸಿ ಅಂತ ಮೀಟಿಂಗಲ್ಲಿ ಮಾತಾಯ್ತು. ಗೇಟಿನ ಎದುರು ಗೋಳಿಮರದಲ್ಲಿ ಬಾವಲಿಗಳುಂಟು, ಪಟಾಕಿ ಹೊಡೆದು ಓಡಿಸ್ಬೇಕು, ಮರವನ್ನೇ ಕಡಿಸ್ಬೇಕು ಅಂತ ಇನ್ನೊಬ್ರು. ಅತ್ತೆ ಹಣ್ಣೇ ತರಬೇಡ ಅಂತಿದ್ದಾರೆ. ಡಾಕ್ಟ್ರೇ, ನಿಜಕ್ಕೂ ಎಷ್ಟು ಹೆದರ್ಬೇಕು? ಓದಿದ ಜನ ಕೂಡ ಯಾಕೆ ಹೀಗೆ ಆಡ್ತಾರೆ? ಮುಂದಿನ ಮೀಟಿಂಗಲ್ಲಿ ನಾನು ಏನಂತ ಹೇಳ್ಲಿ?

ಉತ್ತರ: ಮೊದಲು ಆ ಹುಡುಗಿಯರ ವಿಷಯ, ಯಾಕಂದ್ರೆ ಬಾಕಿದ್ದಕ್ಕೆಲ್ಲ ಟೈಮ್ ಉಂಟು, ಇದಕ್ಕೆ ಇಲ್ಲ. ಅವರನ್ನ ಖಾಲಿ ಮಾಡಿಸ್ಬೇಡಿ, ಮಾಡಿಸ್ಲಿಕ್ಕೆ ಬಿಡಬೇಡಿ. ಕಣ್ಣೂರಿಗೆ ಹೋಗಿ ಬಂದದ್ದರಿಂದ ನಿಫಾ ಬರೋದಿಲ್ಲ. ನಿಫಾ ಬಂದ ರೋಗಿಯ ಹತ್ರ ಇದ್ದು ಅವರ ಎಂಜಲು, ಕೆಮ್ಮು, ವಾಂತಿ, ಮೂತ್ರ, ರಕ್ತ ತಾಗಿದ್ರೆ ಬರ್ತದೆ, ಇಲ್ಲಾಂದ್ರೆ ಹಣ್ಣು ತಿನ್ನೋ ದೊಡ್ಡ ಬಾವಲಿಯ ಎಂಜಲು ಹೇಗಾದ್ರೂ ಹೊಟ್ಟೆಗೆ ಹೋದ್ರೆ ಬರ್ತದೆ. ಕೇರಳದಲ್ಲಿ ಕೇಸ್ ಬಂದಾಗ ಅಲ್ಲಿನ ಆರೋಗ್ಯ ಇಲಾಖೆ ಬಂದೋಬಸ್ತ್ ಮಾಡೋದು ಇಡೀ ರಾಜ್ಯಕ್ಕಲ್ಲ, ಇಡೀ ಜಿಲ್ಲೆಗೂ ಅಲ್ಲ, ಪಂಚಾಯತ್ತಿನ ಕೆಲವು ವಾರ್ಡುಗಳಿಗೆ. ಅಲ್ಲಿ ಮಲಪ್ಪುರದ ಪಕ್ಕದ ವಾರ್ಡಿನವರು ಆರಾಮಾಗಿ ಕೆಲಸಕ್ಕೆ ಹೋಗ್ತಿರುವಾಗ ಇಲ್ಲಿ ಕೊಟ್ಟಾರದಲ್ಲಿ ಕಣ್ಣೂರಿನ ಹುಡುಗಿಯನ್ನ ಮನೆ ಬಿಡಿಸೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈಗ ಎಷ್ಟು ಹೆದರ್ಬೇಕು ಅನ್ನೋದಕ್ಕೆ ಬರ್ತೇನೆ. ನಾನು ಕಮ್ಯುನಿಟಿ ಮೆಡಿಸಿನ್‌ನವನು, ಸಾಂಕ್ರಾಮಿಕ ರೋಗಗಳ ಲೆಕ್ಕ ಇಡೋದೇ ನಮ್ಮ ಕಸುಬು, ಹಾಗಾಗಿ ಏನೂ ಇಲ್ಲ ಹೋಗಿ ಮಲಗಿ ಅಂತ ಹೇಳೋದಿಲ್ಲ. ನಿಫಾ ಬಂದವರಲ್ಲಿ ಸಾಯೋರ ಪ್ರಮಾಣ ಭಯಂಕರ. 1998-99ರಲ್ಲಿ ಮಲೇಷ್ಯಾದ ಹಂದಿ ಸಾಕೋ ಊರುಗಳಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಸುಮಾರು 265 ಜನಕ್ಕೆ ಬಂದು 105 ಜನ ಹೋದ್ರು, ಸುಂಗೈ ನಿಫಾ ಅನ್ನೋ ಹಳ್ಳಿಯಿಂದಲೇ ಆ ಹೆಸರು. 2018ರಲ್ಲಿ ಕೋಝಿಕೋಡಲ್ಲಿ ಬಂದಾಗ ಲ್ಯಾಬಲ್ಲಿ ಖಚಿತವಾದ 18 ಜನರಲ್ಲಿ ಬದುಕಿ ಉಳಿದದ್ದು ಇಬ್ಬರು ಮಾತ್ರ. ಜ್ವರ, ತಲೆನೋವು, ವಾಂತಿ ಅಂತ ಶುರುವಾಗಿ ಒಂದೆರಡು ದಿನದಲ್ಲಿ ಮಾತು ತೊದಲಿ, ಮಂಪರು ಬಂದು, ಫಿಟ್ಸ್ ಬಂದು, ಉಸಿರು ಕಟ್ಟಿ ಹೋಗೋದನ್ನ ನೋಡಿದ ಯಾರೂ ಇದನ್ನ ಸಸಾರ ಮಾಡ್ಲಿಕ್ಕಿಲ್ಲ. ಲಸಿಕೆ ಇನ್ನೂ ಬಂದಿಲ್ಲ.

ಆದ್ರೆ ಕೊಲ್ಲೋ ಶಕ್ತಿ ಬೇರೆ, ಹರಡೋ ಶಕ್ತಿ ಬೇರೆ, ಇದನ್ನ ನಮ್ಮ ಜನ ಕಲಸಿ ಬಿಡ್ತಾರೆ. ದಡಾರ ಬಂದ ಒಂದು ಮಗು, ಲಸಿಕೆ ಹಾಕದ ಊರಲ್ಲಿ, ಹನ್ನೆರಡರಿಂದ ಹದಿನೆಂಟು ಜನಕ್ಕೆ ರೋಗ ದಾಟಿಸ್ತದೆ. ನಿಫಾದಲ್ಲಿ ಆ ಲೆಕ್ಕ ಸರಾಸರಿ ಒಂದಕ್ಕಿಂತ ಕಮ್ಮಿ, ಅಂದ್ರೆ ಹೆಚ್ಚಿನ ರೋಗಿಗಳಿಂದ ಬೇರೆ ಯಾರಿಗೂ ಬರೋದೇ ಇಲ್ಲ, ಕೆಲವೇ ಕೆಲವರಿಂದ ಒಮ್ಮೆಗೇ ತುಂಬಾ ಜನಕ್ಕೆ ಬರ್ತದೆ. ಆರಾಮಾಗಿ ಓಡಾಡ್ತಿರೋ, ಲಕ್ಷಣವೇ ಇಲ್ಲದ ಮನುಷ್ಯನಿಂದ ಲಿಫ್ಟಲ್ಲಿ ಹರಡೋ ರೋಗ ಇದಲ್ಲ. ರೋಗಿ ಹಾಸಿಗೆ ಹಿಡಿದು, ಕೆಮ್ಮು ಉಬ್ಬಸ ಜೋರಾಗಿ, ವಾಂತಿ ಮಾಡೋ ಹೊತ್ತಿಗೆ ವೈರಸ್ ಹೆಚ್ಚು ಹೊರಗೆ ಬರೋದು, ಆ ಹೊತ್ತಲ್ಲಿ ಅವರ ಹತ್ರ ಇರೋದು ಯಾರು ಹೇಳಿ? ತಾಯಿ, ಹೆಂಡತಿ, ಅಣ್ಣ, ನರ್ಸ್, ಆಯಾ, ಪಕ್ಕದ ಬೆಡ್ಡಿನವನ ಜೊತೆ ಬಂದವರು. ನಿಫಾ ಹಿಡಿಯೋದು ಆರೈಕೆ ಮಾಡೋರನ್ನ.

ಕೋಝಿಕೋಡಲ್ಲಿ ಏನಾಯ್ತು ಅಂತ ಸ್ವಲ್ಪ ವಿವರವಾಗಿ ಹೇಳ್ತೇನೆ, ನಿಮ್ಮ ಮೀಟಿಂಗಿಗೆ ಇದೇ ಬೇಕಾದ್ದು. 2018ರ ಮೇ ತಿಂಗಳ ಶುರುವಿಗೆ ಪೇರಾಂಬ್ರ ಕಡೆಯ ಒಬ್ಬ ಯುವಕ ಜ್ವರ ಅಂತ ತಾಲೂಕು ಆಸ್ಪತ್ರೆಗೆ ಬಂದ, ಅಲ್ಲಿಂದ ಮೆಡಿಕಲ್ ಕಾಲೇಜಿಗೆ ಕಳಿಸಿದ್ರು, ತೀರಿಕೊಂಡ, ಏನು ರೋಗ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಮೆಡಿಕಲ್ ಕಾಲೇಜಲ್ಲಿ ಸಿಟಿ ಸ್ಕ್ಯಾನ್ ರೂಮಿನ ಹೊರಗೆ ಕಾರಿಡಾರ್‌ನಲ್ಲಿ ಅವನು ಕೆಮ್ಮುತ್ತಾ ಕಾಯ್ತಿದ್ದ, ಅದೇ ಕಾರಿಡಾರಲ್ಲಿ ತಮ್ಮ ತಮ್ಮ ಬೇರೆ ಯಾವುದೋ ಕಾಯಿಲೆಗೆ, ಬೇರೆ ಯಾರದ್ದೋ ಜೊತೆಗೆ ಬಂದು ಕೂತವರಿಗೆ ರೋಗ ತಾಗಿತು. ಆಮೇಲೆ ಅವನ ಅಣ್ಣನಿಗೂ ಅದೇ ಜ್ವರ ಬಂದಾಗ ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಡಾಕ್ಟರುಗಳಿಗೆ ಡೌಟ್ ಬಂತು, ಒಂದೇ ಮನೆಯಲ್ಲಿ ಎರಡನೇ ಸಲ ಮೆದುಳು ಜ್ವರ ಹೇಗೆ ಅಂತ. ಸ್ಯಾಂಪಲ್ ಎಲ್ಲಿಗೆ ಬಂತು ಗೊತ್ತುಂಟಾ? ನಮ್ಮ ಮಣಿಪಾಲಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ನೇತೃತ್ವದ ವೈರಸ್ ಸಂಶೋಧನಾ ಕೇಂದ್ರದಲ್ಲಿ ಅದು ನಿಫಾ ಅಂತ ಗೊತ್ತಾಯ್ತು, ಬೆನ್ನಿಗೇ ಪುಣೆಯ ವೈರಾಲಜಿ ಸಂಸ್ಥೆ ಖಚಿತ ಮಾಡಿತು. ಉಡುಪಿಯವರು ಮಂಗಳೂರಿನವರು ಹೆಮ್ಮೆ ಪಡಬೇಕಾದ ವಿಷಯ ಇದು, ಆದ್ರೆ ನಿಫಾ ಅಂದಾಗ ನಮಗೆ ಮೊದಲು ನೆನಪಾಗೋದು ಕೇರಳ ಗಡಿಯ ತಲಪಾಡಿಯಲ್ಲಿ ಗೇಟ್ ಹಾಕೋದು.

ಬೇಗ ಗೊತ್ತಾಗೋದು ಎಷ್ಟು ದೊಡ್ಡ ಮಾತು ಅಂತ ಅರ್ಥ ಆಗ್ಬೇಕಾದ್ರೆ 2001ರ ಸಿಲಿಗುರಿ ನೋಡಬೇಕು. ಪಶ್ಚಿಮ ಬಂಗಾಳದ ಆ ಊರಲ್ಲಿ 66 ಜನಕ್ಕೆ ಬಂತು, 45 ಜನ ತೀರಿಕೊಂಡ್ರು, ಹೆಚ್ಚಿನವರಿಗೆ ತಾಗಿದ್ದು ಆಸ್ಪತ್ರೆಯೊಳಗೇ, ಅದು ನಿಫಾ ಅಂತ ಹೊರಗೆ ಬಂದದ್ದು ವರ್ಷಗಳ ನಂತರ. ಹೆಸರೇ ಇಲ್ಲದ ರೋಗದ ಎದುರು ನಿಂತ ಆ ಊರಿನವರು ಎಷ್ಟು ಹೆದರಿರ್ಬೇಕು ಅಂತ ಯೋಚಿಸಿದ್ರೆ ಈಗಲೂ ನನಗೆ ಸಂಕಟ ಆಗ್ತದೆ. ಕೋಝಿಕೋಡಲ್ಲಿ ಎರಡನೇ ರೋಗಿಯಲ್ಲೇ ಗೊತ್ತಾದದ್ದಕ್ಕೆ, ಎರಡು ಸಾವಿರಕ್ಕಿಂತ ಹೆಚ್ಚು ಸಂಪರ್ಕಿತರನ್ನ ಹುಡುಕಿ ದಿನಾ ಫೋನ್ ಮಾಡಿ ಜ್ವರ ಬಂತಾ ಬಂತಾ ಅಂತ ಕೇಳಿದ್ದಕ್ಕೆ, ಜೂನ್ ಮುಗಿಯೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಈ ಹುಡುಕೋ ಕೆಲಸ ಹೇಗೆ ನಡೀತದೆ ಅಂತ ಹೊರಗಿನವರಿಗೆ ಗೊತ್ತಿರೋದಿಲ್ಲ. ಯಾವ ಮೆಷೀನೂ ಇಲ್ಲ ಅದಕ್ಕೆ. ರೋಗಿಗೆ ಮಾತಾಡ್ಲಿಕ್ಕೆ ಆಗೋದಿಲ್ಲ, ಹಾಗಾಗಿ ಒಬ್ಬ ಹೆಲ್ತ್ ಇನ್ಸ್‌ಪೆಕ್ಟರ್ ಅವನ ಅಕ್ಕನ ಎದುರು ಒಂದು ನೋಟ್‌ಬುಕ್ ಹಿಡಿದು ಕೂರ್ತಾರೆ. ಜ್ವರ ಬಂದದ್ದು ಯಾವ ದಿನ? ಬೆಳಿಗ್ಗೆಯಾ ರಾತ್ರಿಯಾ? ಮೊದಲು ಯಾವ ಕ್ಲಿನಿಕ್? ಯಾರ ಆಟೋ? ಆಟೋದಲ್ಲಿ ಅವನನ್ನ ಹಿಡ್ಕೊಂಡು ಕೂತದ್ದು ಯಾರು? ವಾಂತಿ ಮಾಡಿದ್ನಾ, ಒರೆಸಿದ್ದು ಯಾರು, ಆ ಬಟ್ಟೆ ಒಗೆದದ್ದು ಯಾರು? ಗಂಜಿ ಕುಡಿಸಿದ್ದು ಯಾರು, ಉಳಿದ ಗಂಜಿ ಯಾರಾದ್ರೂ ಕುಡಿದ್ರಾ? ನೋಡ್ಲಿಕ್ಕೆ ಬಂದವರು ಯಾರ್ಯಾರು? ಆ ಅಕ್ಕ ಅಳ್ತಾ ಅಳ್ತಾ ನೆನಪು ಮಾಡಿ ಒಂದೊಂದೇ ಹೆಸರು ಹೇಳ್ಬೇಕು. ಪ್ರತಿಯೊಂದು ಹೆಸರು ಹೇಳುವಾಗ್ಲೂ ಅವಳ ಮನಸ್ಸಲ್ಲಿ ಒಂದೇ ಪ್ರಶ್ನೆ, ನಾನು ಹೆಸರು ಹೇಳಿದ್ರೆ ಇವರಿಗೆ ಏನು ಗತಿ ಬರ್ತದೆ ಅಂತ. ಮನೆ ಬಿಡಿಸ್ತಾರಾ, ಕೆಲಸದಿಂದ ತೆಗೀತಾರಾ, ಟಿವಿಯವರು ಗೇಟಿಗೆ ಬಂದು ನಿಲ್ತಾರಾ. ಹಾಗನ್ನಿಸಿದ ಕೂಡ್ಲೇ ಒಂದು ಹೆಸರು ನುಂಗಿ ಬಿಡ್ತಾಳೆ. ಆ ನುಂಗಿದ ಹೆಸರಿನವನೇ ನಾಲ್ಕರಿಂದ ಹದಿನಾಲ್ಕು ದಿನದೊಳಗೆ ಜ್ವರ ಹಿಡ್ಕೊಂಡು ಇನ್ನೊಂದು ಆಸ್ಪತ್ರೆಯ ಇನ್ನೊಂದು ಕಾರಿಡಾರಲ್ಲಿ ಕೂತಿರ್ತಾನೆ.

ನಾನು ಈ ಉತ್ತರ ಇಷ್ಟುದ್ದ ಬರೀತಿರೋದೇ ಇದಕ್ಕೋಸ್ಕರ. ಮದ್ದಿಲ್ಲದ ಈ ರೋಗಕ್ಕೆ ನಮ್ಮ ಕೈಲಿರೋ ದೊಡ್ಡ ಆಯುಧ ಅಂದ್ರೆ ಜನ ನಿಜ ಹೇಳೋದು. ನಿಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್ ಏನು ಮಾಡ್ತಾ ಉಂಟು ಅಂದ್ರೆ ಆ ಮೂವರಿಗೆ, ಮತ್ತೆ ಅದನ್ನ ಕೇಳಿಸಿಕೊಂಡ ಎಲ್ಲರಿಗೂ, ನಿಜ ಹೇಳಿದ್ರೆ ಬೀದಿಗೆ ಬೀಳ್ತೀರಿ ಅಂತ ಪಾಠ ಹೇಳಿಕೊಡ್ತಾ ಉಂಟು. ನಾಳೆ ಆ ಹುಡುಗಿಗೆ ಬರೀ ಶೀತಜ್ವರ ಬಂದ್ರೂ ಎರಡು ಪ್ಯಾರಸಿಟಮಾಲ್ ನುಂಗಿ ಮುಚ್ಚಿಟ್ಟು ಡ್ಯೂಟಿಗೆ ಹೋಗ್ತಾಳೆ, ಯಾಕಂದ್ರೆ ಮನೆ ಹೋದ್ರೆ ಅವಳಿಗೆ ಈ ಊರಲ್ಲಿ ಬೇರೆ ಯಾರಿದ್ದಾರೆ?

ಜನ ಯಾಕೆ ಹೀಗಾಡ್ತಾರೆ ಅಂತ ಕೇಳಿದ್ರಿ. ಕೆಟ್ಟವರು ಅಂತ ಅಲ್ಲ. ಹೆದರಿಕೆಗೆ ಒಂದು ಮುಖ ಬೇಕು, ವೈರಸ್ಸಿಗೆ ಮುಖ ಇಲ್ಲ, ಹಾಗಾಗಿ ಹೊರಗಿನಿಂದ ಬಂದವರ ಮುಖಕ್ಕೆ ಅಂಟಿಕೊಳ್ತದೆ. ನಮಗೆ ಪರಿಚಯ ಇರೋ ರೋಗಕ್ಕೆ ನಾವು ಹೆದರೋದಿಲ್ಲ. ಮಂಗಳೂರಲ್ಲಿ ಮಲೇರಿಯಾ ದಶಕಗಳ ಕಾಲ ಮನೆ ಮನೆಯಲ್ಲಿ ಇತ್ತು, 2019ರಲ್ಲಿ ಡೆಂಗ್ಯೂ ಬಂದು ಆಸ್ಪತ್ರೆ ವಾರ್ಡುಗಳು ತುಂಬಿ ಹೋದವು, ಉಡುಪಿ ಕಡೆ ಗದ್ದೆಗಿಳಿಯೋರಿಗೆ ಮಳೆಗಾಲ ಬಂತಂದ್ರೆ ಇಲಿಜ್ವರ ಇದ್ದದ್ದೇ, ಅದರಲ್ಲೂ ಪ್ರಾಣ ಹೋಗ್ತದೆ, ಆದ್ರೆ ಕಾಲಲ್ಲಿ ಗಾಯ ಇಟ್ಕೊಂಡು ಬರಿಗಾಲಲ್ಲಿ ಗದ್ದೆಗೆ ಇಳೀಬೇಡಿ ಅಂದ್ರೆ ನಗ್ತಾರೆ. ಟೆರೇಸಿನ ಡ್ರಮ್ಮಲ್ಲಿ ಸೊಳ್ಳೆಮರಿ ಕುಣೀತಿರ್ತದೆ, ಕೆಳಗೆ ಮೀಟಿಂಗಲ್ಲಿ ನಿಫಾ ಚರ್ಚೆ. ದಯವಿಟ್ಟು ನಿಮ್ಮ ಟೆರೇಸ್ ಒಮ್ಮೆ ನೋಡಿ ಬನ್ನಿ.

ಹೊರಗಿನವರು ಅಂದೆ, ಆದ್ರೆ 2020ರಲ್ಲಿ ನಾವು ನಮ್ಮವರನ್ನೇ ಹೊರಗಿನವರು ಮಾಡಿದ್ವಲ್ಲ. ಮೇ ತಿಂಗಳಲ್ಲಿ ಮುಂಬೈಯಿಂದ ಸಾವಿರಾರು ಜನ ಉಡುಪಿ ಜಿಲ್ಲೆಗೆ ವಾಪಸ್ ಬಂದ್ರು. ಕುಂದಾಪುರ, ಬೈಂದೂರು, ಕಾಪು, ಕಾರ್ಕಳ ಎಲ್ಲಿ ಹೋದ್ರೂ ಮುಂಬೈ ಸಂಬಂಧ ಇಲ್ಲದ ಮನೆ ಸಿಗೋದು ಕಷ್ಟ, ಅವರು ಹೋಟೆಲಲ್ಲಿ ದುಡಿದು ಕಳಿಸಿದ ದುಡ್ಡಲ್ಲೇ ಊರಿನ ಮನೆಗಳೆದ್ದವು, ದೇವಸ್ಥಾನದ ಜೀರ್ಣೋದ್ಧಾರಗಳಾದವು, ದೈವದ ನೇಮಗಳು ನಡೆದವು. ಅದೇ ಮನುಷ್ಯ ಮಕ್ಕಳನ್ನ ಕರ್ಕೊಂಡು ಬಂದು ಶಾಲೆಯ ಕ್ವಾರಂಟೈನಲ್ಲಿ ಮಲಗಿದಾಗ ಊರಿನವರು ರಸ್ತೆಯಲ್ಲಿ ಮುಖ ತಿರುಗಿಸಿದ್ರು, ಹದಿನಾಲ್ಕು ದಿನ ಮುಗಿಸಿ ನೆಗೆಟಿವ್ ಬಂದು ಮನೆಗೆ ಬಂದ ಮೇಲೂ ಹಾಲು ಕೊಡೋರು ಗೇಟಿನ ಹತ್ರ ಬರ್ಲಿಲ್ಲ ಅಂತ ಎಷ್ಟು ಜನ ನನ್ನ ಹತ್ರ ಹೇಳಿಕೊಂಡಿದ್ದಾರೆ. ಅದರ ಫಲ ಏನು? ಆಮೇಲೆ ಬಂದವರು ಎಲ್ಲಿಂದ ಬಂದದ್ದು ಅಂತ ಕೇಳಿದ್ರೆ ಊರಲ್ಲೇ ಇದ್ದೆ ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು.

ಅದೇ ವರ್ಷ ಮಾರ್ಚಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಕಾಸರಗೋಡಿನವರಿಗೆ ಆಸ್ಪತ್ರೆ ಅಂದ್ರೆ ಮಂಗಳೂರು, ದೇರಳಕಟ್ಟೆ, ಅವರಿಗೆ ತಿರುವನಂತಪುರ ಎಷ್ಟು ದೂರ ಅಂತ ಮ್ಯಾಪ್ ನೋಡಿದ್ರೆ ಗೊತ್ತಾಗ್ತದೆ. ಕೊರೊನಾ ಅಲ್ಲದ ರೋಗಿಗಳು, ಹಾರ್ಟಿನವರು, ಕಿಡ್ನಿಯವರು, ಆಂಬ್ಯುಲೆನ್ಸಲ್ಲಿ ಗಡಿ ದಾಟ್ಲಿಕ್ಕಾಗದೆ ಪ್ರಾಣ ಬಿಟ್ರು, ಕೊನೆಗೆ ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯ್ತು. ಏಪ್ರಿಲಲ್ಲಿ ಕೊರೊನಾದಿಂದ ತೀರಿಕೊಂಡ ಬಂಟ್ವಾಳದ ವೃದ್ಧೆಯೊಬ್ಬರ ಶವ ಸುಡ್ಲಿಕ್ಕೆ ಪಚ್ಚನಾಡಿ ಕಡೆ ಜನ ಬಿಡ್ಲಿಲ್ಲ, ರಾತ್ರಿ ಊರೂರು ತಿರುಗಿ ಕಡೆಗೆ ಬಿ.ಸಿ. ರೋಡಿನ ಹತ್ರ ಕೈಕುಂಜೆಯಲ್ಲಿ ಸುಟ್ರು. ಹೆಣ ಉರಿಯೋ ಹೊಗೆಯಿಂದ ಕೊರೊನಾ ಹರಡೋದಿಲ್ಲ ಅಂತ ಡಾಕ್ಟರುಗಳೆಲ್ಲ ಹೇಳಿದ್ರೂ ಕೇಳುವವರಿಲ್ಲ.

ಕೋಝಿಕೋಡಲ್ಲೂ ಇದೇ. 2018ರಲ್ಲಿ ಸ್ಮಶಾನದ ಕೆಲಸದವರು ಶವ ಮುಟ್ಲಿಕ್ಕೆ ಹಿಂದೇಟು ಹಾಕಿದ್ರು. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್‌ಗಳು ಬಸ್ ಹತ್ತಿದ್ರೆ ಪಕ್ಕದ ಸೀಟಿನವರು ಎದ್ದು ಹೋಗ್ತಿದ್ರು, ಆಟೋದವರು ಹತ್ತಿಸಿಕೊಳ್ತಿರ್ಲಿಲ್ಲ. ಆ ಆಸ್ಪತ್ರೆಯಲ್ಲೇ ಮೊದಲ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡ್ರು, ಇಬ್ಬರು ಪುಟ್ಟ ಗಂಡುಮಕ್ಕಳನ್ನ ಬಿಟ್ಟು. ತನಗೆ ಏನಾಗ್ತಾ ಉಂಟು ಅಂತ ಗೊತ್ತಾಗಿ ಐಸೊಲೇಶನ್ನಿಂದ ಗಂಡನಿಗೆ ಒಂದು ಚೀಟಿ ಬರೆದಿಟ್ಟು ಹೋದ್ರು. ನಿಮ್ಮ ಎರಡನೇ ಮಾಳಿಗೆಯ ಹುಡುಗಿಯರು ಮಾಡೋದು ಅದೇ ಕೆಲಸ. ನಾಳೆ ಮಂಗಳೂರಿಗೆ ನಿಫಾ ಬಂದ್ರೆ ನಮ್ಮ ನಿಮ್ಮ ಮನೆಯವರ ಬಾಯಿಗೆ ಟ್ಯೂಬ್ ಹಾಕೋದು ಮೀಟಿಂಗಲ್ಲಿ ಬೊಬ್ಬೆ ಹಾಕಿದವರಲ್ಲ, ಅವರೇ.

ಹಾಗಂತ ಹೆದರಿಕೆಯೇ ಬೇಡ ಅನ್ನೋ ಪಂಗಡದವನಲ್ಲ ನಾನು. ಸರಿಯಾದ ಕಡೆಗೆ ತಿರುಗಿದ ಹೆದರಿಕೆ ಊರು ಕಾಯ್ತದೆ. ಮಂಗನಕಾಯಿಲೆ ನೋಡಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ರೋಗ, 1982-83ರ ಹೊತ್ತಿಗೆ ನಮ್ಮ ಬೆಳ್ತಂಗಡಿ ತಾಲೂಕಿಗೇ ಜೋರಾಗಿ ಬಂದಿತ್ತು. ಈಗ ಬೈಂದೂರು ಕುಂದಾಪುರದ ಕಾಡಂಚಿನ ಜನಕ್ಕೆ ಮಂಗ ಸತ್ತು ಬಿದ್ದಿದ್ರೆ ಮುಟ್ಟಬಾರದು, ಆರೋಗ್ಯ ಇಲಾಖೆಗೆ ಹೇಳ್ಬೇಕು ಅಂತ ಗೊತ್ತುಂಟು, ಇಲಾಖೆಯವರು ಬಂದು ಸುತ್ತ ರೋಗ ಹರಡೋ ಉಣ್ಣಿ ಹುಳ ಸಾಯೋ ಪುಡಿ ಹಾಕ್ತಾರೆ, ಕಾಡಿಗೆ ಹೋಗೋರು ಮೈಗೆ ಎಣ್ಣೆ ಹಚ್ಚಿಕೊಳ್ತಾರೆ. ಆ ಜನಕ್ಕೆ ಹೆದರಿಕೆ ಇಲ್ಲ ಅಂತಲ್ಲ, ಹೆದರಿ ಏನು ಮಾಡ್ಬೇಕು ಅಂತ ಗೊತ್ತು, ಅಷ್ಟೇ.

ಇನ್ನು ಗೋಳಿಮರ. ಪಟಾಕಿ ಖಂಡಿತ ಬೇಡ. ಪುಣೆಯ ವೈರಾಲಜಿ ಸಂಸ್ಥೆಯವರು ಬೇರೆ ಬೇರೆ ರಾಜ್ಯಗಳಲ್ಲಿ ಬಾವಲಿ ಪರೀಕ್ಷೆ ಮಾಡಿದಾಗ ಕರ್ನಾಟಕದ ಬಾವಲಿಗಳಲ್ಲೂ ನಿಫಾದ ಪ್ರತಿಕಾಯ ಸಿಕ್ಕಿದ್ದು ನಿಜ, ಅಂದ್ರೆ ವೈರಸ್ ಇವತ್ತು ತಲಪಾಡಿ ದಾಟಿ ಬರ್ಬೇಕಾಗಿಲ್ಲ, ಬಾವಲಿಗಳ ಜೊತೆ ನಾವು ತಲೆತಲಾಂತರದಿಂದ ಬದುಕ್ತಾ ಇದ್ದೇವೆ. ಬಾವಲಿಯ ಮೈಯಲ್ಲಿ ವೈರಸ್ ಇದ್ರೂ ಎಲ್ಲಾ ಕಾಲದಲ್ಲೂ ಹೊರಗೆ ಬರೋದಿಲ್ಲ, ಹಸಿವು, ಗಾಬರಿ, ಜಾಗ ತಪ್ಪೋದು ಇಂಥ ಒತ್ತಡ ಆದಾಗ ಹೆಚ್ಚು ಬರ್ತದೆ ಅಂತ ಇದೇ ಜಾತಿಯ ಹೆಂಡ್ರಾ ವೈರಸ್ಸಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನಗಳಿಂದ ಗೊತ್ತಾಗಿದೆ. ಮರ ಕಡಿದ್ರೆ ಅವು ಸಾಯೋದಿಲ್ಲ, ಹತ್ತು ಕಡೆಗೆ ಚದುರಿ ಹೋಗಿ ಹತ್ತು ಮನೆಯ ಪೇರಳೆ ಗಿಡಕ್ಕೆ ಬರ್ತವೆ. ಮರದ ಬುಡದಲ್ಲಿ ಮಕ್ಕಳು ಆಡೋದು ಬೇಡ, ಗಾಡಿ ನಿಲ್ಲಿಸಿದ್ರೆ ಹಿಕ್ಕೆ ಬಿದ್ದಲ್ಲಿ ನೀರು ಹಾಕಿ ತೊಳೆದು ಸೋಪಲ್ಲಿ ಕೈ ತೊಳ್ಕೊಳ್ಳಿ, ಬಾವಿ ಇದ್ರೆ ಬಲೆ ಹಾಕಿಸಿ. ಸತ್ತ ಬಾವಲಿ ಸಿಕ್ಕಿದ್ರೆ ಬರಿಗೈಲಿ ಮುಟ್ಬೇಡಿ.

ಅತ್ತೆಗೆ ಹೇಳಿ, ಹಣ್ಣು ತಿನ್ಲಿಕ್ಕೆ ಅಡ್ಡಿ ಇಲ್ಲ. 2018ರಲ್ಲಿ ಗಲ್ಫಿನ ದೇಶಗಳು ಕೇರಳದ ಹಣ್ಣು ತರಕಾರಿ ನಿಲ್ಲಿಸಿದ್ವು, ಇಲ್ಲಿ ಮಾವು ರಂಬುಟಾನ್ ಕೊಳ್ಳೋರಿಲ್ಲದೆ ಬೆಳೆದವರು ಕಂಗಾಲಾದ್ರು. ಚೆನ್ನಾಗಿ ತೊಳೀರಿ, ಸಿಪ್ಪೆ ತೆಗೀರಿ, ಕಚ್ಚಿದ ಗುರುತು ಗೀರಿದ ಗುರುತು ಇದ್ರೆ ಆ ಭಾಗ ಕತ್ತರಿಸಿ ತಿನ್ನೋದಲ್ಲ, ಇಡೀ ಹಣ್ಣು ಎಸೀರಿ. ಊರಲ್ಲಿ ತೋಟ ಇದ್ರೆ ಇನ್ನೊಂದು ಮಾತು, ಬಾವಲಿ ಚೀಪಿ ಬೀಳಿಸಿದ ಹಣ್ಣಡಿಕೆಯನ್ನ ನಮ್ಮಲ್ಲಿ ಹೆಕ್ಕಿ ತರೋ ರೂಢಿ ಉಂಟಲ್ಲ, ಅದು ಗೇರುಹಣ್ಣಿಗೂ ಹೌದು, ಗ್ಲೌಸ್ ಹಾಕಿ ಹೆಕ್ಕಿ, ಹೆಕ್ಕಿದ ಕೈಯಲ್ಲಿ ಎಲೆಅಡಿಕೆ ಹಾಕ್ಬೇಡಿ. ಬಾಂಗ್ಲಾದೇಶದಲ್ಲಿ ಮತ್ತೆ ಮತ್ತೆ ನಿಫಾ ಬರೋದು ಬಾವಲಿ ಬಾಯಿ ಹಾಕಿದ ಖರ್ಜೂರ ಜಾತಿಯ ಮರದ ಹಸಿ ರಸ ಕುಡಿದು, ಹಾಗಾಗಿ ಮರದಿಂದ ಆಗಷ್ಟೇ ಇಳಿಸಿದ ಕಲಿ, ಅಂದ್ರೆ ಸೇಂದಿ, ಹಸಿಯಾಗಿ ಕುಡಿಯೋರು ಮಡಕೆಗೆ ಮುಚ್ಚಳ ಕಟ್ಟಿತ್ತಾ ಅಂತ ಅದನ್ನ ಇಳಿಸೋ ಮೂರ್ತೆದಾರರ ಹತ್ರ ಕೇಳಿಯೇ ಕುಡೀಬೇಕು.

ಗಡಿಯಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡೋದ್ರ ಬಗ್ಗೆ ಜಾಸ್ತಿ ಹೇಳೋದಿಲ್ಲ. ವೈರಸ್ ಒಳಗೆ ಹೋಗಿ ಜ್ವರ ಬರ್ಲಿಕ್ಕೆ ಎರಡು ವಾರದವರೆಗೆ ಹಿಡೀತದೆ, ಕೋಝಿಕೋಡಿಂದ ಟ್ರೈನಲ್ಲಿ ಮಂಗಳೂರಿಗೆ ನಾಲ್ಕೈದು ಗಂಟೆ. ಅದಕ್ಕಿಂತ ಕ್ಲಿನಿಕ್ಕಿನ ರಿಸೆಪ್ಷನಲ್ಲಿ ಕೂತ ಹುಡುಗಿ ಜ್ವರದವರ ಹತ್ರ ಈ ಮೂರು ವಾರದಲ್ಲಿ ಎಲ್ಲಿಗೆ ಹೋಗಿದ್ರಿ, ಯಾವುದಾದ್ರೂ ಆಸ್ಪತ್ರೆಯಲ್ಲಿ ಯಾರನ್ನಾದ್ರೂ ನೋಡಿಕೊಂಡಿದ್ರಾ ಅಂತ ಮೆಲ್ಲ ಕೇಳಿ ಒಂದು ಮಾಸ್ಕ್ ಕೊಟ್ಟು ಬೇರೆ ಕಡೆ ಕೂರಿಸೋದು ಹೆಚ್ಚು ಕೆಲಸಕ್ಕೆ ಬರ್ತದೆ. 2021ರ ಸೆಪ್ಟೆಂಬರಲ್ಲಿ ಒಬ್ಬ ಯುವಕ ನನಗೆ ನಿಫಾ ಇರಬಹುದು ಅಂತ ತಾನಾಗಿಯೇ ಆಸ್ಪತ್ರೆಗೆ ಬಂದ, ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಐಸೊಲೇಶನ್ ಮಾಡಿದ್ರು, ಪುಣೆಗೆ ಸ್ಯಾಂಪಲ್ ಹೋಯ್ತು, ನೆಗೆಟಿವ್ ಬಂತು. ಸುಮ್ಮನೆ ಊರಿಗೆಲ್ಲ ಗಾಬರಿ ಮಾಡಿದ ಅಂತ ಆಡಿಕೊಂಡವರಿದ್ದಾರೆ, ನನ್ನ ಪ್ರಕಾರ ಅವನು ಮಾಡಿದ್ದೇ ಸರಿ, ಇಂಥವರು ನೂರು ಜನ ಬಂದು ನೂರೂ ನೆಗೆಟಿವ್ ಆದ್ರೂ ನಮಗೆ ನಷ್ಟ ಇಲ್ಲ. 2023ರಲ್ಲಿ ಕೋಝಿಕೋಡಲ್ಲಿ ಮತ್ತೆ ಬಂದಾಗ ಆರು ಜನರಲ್ಲಿ ನಾಲ್ವರು ಬದುಕಿದ್ರು, ಅವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನೂ ಇದ್ದ. ಬೇಗ ಬಂದ್ರೆ, ಬೇಗ ಗೊತ್ತಾದ್ರೆ ಉಳಿಸ್ಲಿಕ್ಕಾಗ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ.

ಮೀಟಿಂಗಲ್ಲಿ ಭಾಷಣ ಬೇಡ, ಭಾಷಣಕ್ಕೆ ಹೆದರಿಕೆ ಹೋಗೋದಿಲ್ಲ, ಕೆಲಸ ಕೊಟ್ರೆ ಹೋಗ್ತದೆ. ಒಬ್ಬರಿಗೆ ಟೆರೇಸಿನ ಡ್ರಮ್, ಒಬ್ಬರಿಗೆ ಮರದ ಬುಡ ಗುಡಿಸೋ ವ್ಯವಸ್ಥೆ, ಒಬ್ಬರಿಗೆ ನಗರ ಆರೋಗ್ಯ ಕೇಂದ್ರದ ನಂಬರ್ ಮತ್ತೆ 104 ಸಹಾಯವಾಣಿ ಬರೆದು ಲಿಫ್ಟಿನ ಹತ್ರ ಹಚ್ಚೋದು. ಟಿವಿ ನೋಡಿ ಬಂದ ಸುದ್ದಿಯನ್ನ ಹಂಚೋ ಮೊದಲು ಇಲಾಖೆಯ ಬುಲೆಟಿನ್ ನೋಡೋ ಜವಾಬ್ದಾರಿ ಜೋರಾಗಿ ಮಾತಾಡೋ ಅದೇ ಮಹಾಶಯರಿಗೆ ಕೊಡಿ, ನಿಜವಾಗಿ ಹೇಳ್ತೇನೆ, ಹೆಚ್ಚು ಹೆದರಿದವರೇ ಹೆಚ್ಚು ಚೆನ್ನಾಗಿ ಮಾಡ್ತಾರೆ. ಇನ್ನೊಂದು ವಿಷಯ ಅಲ್ಲೇ ತೀರ್ಮಾನ ಮಾಡಿ, ನಮ್ಮ ಬಿಲ್ಡಿಂಗಲ್ಲಿ ಯಾರಾದ್ರೂ ನಿಗಾದಲ್ಲಿ 21 ದಿನ ಮನೆಯೊಳಗೇ ಇರ್ಬೇಕಾಗಿ ಬಂದ್ರೆ, ಅದು ನರ್ಸ್ ಆಗ್ಲಿ ಸೆಕ್ರೆಟರಿಯ ಮಗ ಆಗ್ಲಿ, ಅವರ ಹಾಲು, ಅಕ್ಕಿ, ಮದ್ದು ಬಾಗಿಲಿಗೆ ತಂದಿಡೋದು ಯಾರು ಅಂತ. ಅದು ಈಗಲೇ ಗೊತ್ತಿದ್ರೆ ಜ್ವರ ಬಂದವರು ಬಾಯಿಬಿಟ್ಟು ಹೇಳ್ತಾರೆ.

ಮತ್ತೆ ಆ ಮೂವರನ್ನೂ ಮೀಟಿಂಗಿಗೆ ಕರೀರಿ. ಮಾಸ್ಕ್ ಹಾಕೋದು ತೆಗೆಯೋದು, ಜ್ವರದವರ ಬಟ್ಟೆ ಪಾತ್ರೆ ತೊಳೆಯೋದು ಹೇಗೆ ಅಂತ ಅಲ್ಲಿ ಕೂತವರಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿರೋರು ಬೇರೆ ಯಾರೂ ಇರ್ಲಿಕ್ಕಿಲ್ಲ. ನೈಟ್ ಡ್ಯೂಟಿ ಯಾವತ್ತಿಲ್ಲ ಅಂತ ಮೊದಲೇ ಕೇಳಿ ದಿನ ಇಡಿ.